ಹೊಳೆಯ ಮೀನಿನ ಮೂಲವನ್ನು ನಿರ್ಣಯಿಸುವ ಬಗೆ

ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೋಟಗಾರನು ತೆಂಗಿನ ಸಸಿಯನ್ನು ಕೊಳ್ಳುವಾಗ ತಾಯಿಮರ ಯಾವುದೆಂದು ವಿಚಾರಿಸುವನು. ಮರವನ್ನು ಕಣ್ಣಾರೆ ಕಂಡರೂ ಪರಾಗವು ಯಾವ ತೋಟದ್ದೆಂಬುದು ಅವನಿಗೆ ತಿಳಿಯದು. ಹೊಳೆಯ ಮೀನಿನ ವಿಷಯದಲ್ಲಿಯೂ ಇದೇ ತೊಡಕು.

ತುರುವೇಕೆರೆ ಸೀಮೆಯ ಶಿಂಷೆಯು ಕಾವೇರಿಯನ್ನು ಸೇರುವುದಷ್ಟೆ. ಆ ಕಾವೇರಿಯಲ್ಲಿ ಬಿಳಿಮೀನೆನಿಸಿದ ಮಹಶೀರ್ ಪ್ರಸಿದ್ಧವಾದುದು. ಇಲ್ಲಿಯದೇ ಆದ ಕುಲಕ್ಕೆ ಬೆನ್ನಮೇಲೆ ಡುಬ್ಬವೂ ಕಿತ್ತಳೆಬಣ್ಣದ ಈಜುರೆಕ್ಕೆಗಳೂ ಉಂಟು. ನೀಲಿರೆಕ್ಕೆಯದನ್ನು 1970ರ ದಶಕದಿಂದ ಲೋಣಾವಳದಲ್ಲಿ ಮರಿಮಾಡಿಸಿ ತಂದು ಬಿಟ್ಟರು. ಗಾಳಹಾಕುವವರ 1998ರಿಂದ 2012ರವರೆಗಿನ ಲೆಕ್ಕದಲ್ಲಿ ಸಿಕ್ಕಿದ ಮೀನುಗಳ ಸಂಖ್ಯೆ ಏರಿತ್ತು. ವಿಂಗಡಿಸಿ ನೋಡಲು, ಏರಿದ್ದು ನೀಲಿರೆಕ್ಕೆಯದು, ಕುಗ್ಗಿದ್ದು ಡುಬ್ಬದ್ದು!

ಕಣ್ಣಿನ ಪರೀಕ್ಷೆ ಸಾಲದಾದಾಗ ಈಜುರೆಕ್ಕೆಯ ಚೂರೊಂದನ್ನು ತೆಗೆದು, ಅದರಲ್ಲಿಯ ಡಿ.ಎನ್.ಎ.ಯನ್ನು ನೆಲೆ ಗೊತ್ತಿರುವ ಮೀನುಗಳದರೊಡನೆ ಹೋಲಿಸುವರು. ಡುಬ್ಬದ ಮೀನು, ಪಾಂಬಾರಿನಿಂದ 2007ರಲ್ಲಿ ವರ್ಣಿತವಾದ ಟಾರ್ ರೆಮಾದೇವಿಯೈ ಎಂಬುದೇ ಎಂದು 2018ರಲ್ಲಿ ಸ್ಥಿರಪಟ್ಟದ್ದು, ಅಂಗಲಕ್ಷಣಗಳ ಜೊತೆಗೆ ಈ ಹೋಲಿಕೆಯಿಂದ. ಆದರೆ ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯ ಕಡೆಯ ಸಾಕ್ಷಿಯನ್ನಷ್ಟೇ ನುಡಿಯುವುದು. ತೋಟಗಾರನ ಸಂದೇಹ ಇಲ್ಲಿ ಮರಳಿ ಬಂದಿತು! ಬೆರಕೆಯನ್ನರಿಯಲು ಕೋಶಕೇಂದ್ರದ ಗುರುತುಗಳೂ ಬೇಕು.

ಅಲಾಸ್ಕದ ಯೂಕಾನ್ ನದಿಯಲ್ಲಿ ಮೂಲನಿವಾಸಿಗಳು ಮೊದಲಾದವರು ಹಿಡಿಯುವ ಸಾಲ್ಮನ್ ಮೀನುಗಳು ಹಲವು ಉಪನದಿಗಳಲ್ಲಿ ಹುಟ್ಟಿದವು. ಯಾವ ಕಡೆಯವು ಎಷ್ಟು ಪಾಲೆಂಬುದನ್ನು ಕೋಶಕೇಂದ್ರದ ಗುರುತುಗಳಿಂದಲೇ ಅಂದಾಜು ಮಾಡುವರು. ಅದಕ್ಕಾಗಿ, ಮೊಟ್ಟೆಯಿಡುವ ನೆಲೆಗಳಿಂದ ಮಾದರಿಗಳನ್ನು ಮೊದಲೇ ಕೂಡಿಹಾಕಿರಬೇಕು. ಮಾದರಿಯಿಲ್ಲದ ಹೊಳೆಯ ಮೀನು ನೆರೆಹೊಳೆಯ ಲೆಕ್ಕಕ್ಕೆ ಸೇರಿಬಿಡುವುದು.