ನಗದು ಕೊಟ್ಟವನ ಹೆಸರು

ಹಳೆಯ ಅಂಗಡಿಗಳ ಕಿರ್ದಿ ಖಾತೆ ಪುಸ್ತಕಗಳನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಬೇರಾವ ಊರಿನ ಪೇಟೆಯಲ್ಲಾಗಲಿ, ಉದ್ರಿ ಒಯ್ದವನಿಗೆ ಅಲ್ಲಿ ಒಂದು ಪುಟವಿರುತ್ತಿತ್ತು: ಅವನ ಹೆಸರು, ಊರು, ಒಯ್ದ ಸಾಮಾನು, ಕೊಡಬೇಕಾದ ಬಾಕಿ. ನಗದು ಕೊಟ್ಟವನಿಗೆ ಹೆಸರೇ ಇರಲಿಲ್ಲ. ದಿನದ ಕೊನೆಗೆ ‘ನಗದು ಮಾರಾಟ’ ಎಂಬ ಒಂದೇ ಸಾಲಿನಲ್ಲಿ ಅವರೆಲ್ಲರೂ ಅಡಗಿಬಿಡುತ್ತಿದ್ದರು. ಹಣ ಎಣಿಸಿಕೊಟ್ಟೊಡನೆ ಅಂಗಡಿಗೂ ಗಿರಾಕಿಗೂ ನಡುವಿನ ಲೆಕ್ಕ ತೀರಿತು. ಕೊಂಡ ಬಟ್ಟೆಯಲ್ಲಿ ಅವನು ಅಂಗಿ ಹೊಲಿಸಿದನೋ, ಮಗುವಿಗೆ ಕುಲಾವಿ ಮಾಡಿಸಿದನೋ ಎಂಬುದು ಅಂಗಡಿಯವನಿಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ.

ಗಣಕದ ತಂತ್ರಾಂಶಗಳ ವ್ಯಾಪಾರದಲ್ಲಿ ಈ ಪದ್ಧತಿ ತಲೆಕೆಳಗಾಗಿದೆ. ಬಿಟ್ಟಿಯಾಗಿ ಸಿಗುವ ತಂತ್ರಾಂಶಕ್ಕೆ ನಮ್ಮ ವಿವರಗಳೇ ಬೆಲೆ ಎಂಬುದು ಈಗ ಎಲ್ಲರಿಗೂ ತಿಳಿದ ಮಾತು. ಒಪ್ಪಲಿ ಬಿಡಲಿ, ಅದರಲ್ಲಿ ಒಂದು ಬಗೆಯ ವಿನಿಮಯದ ನ್ಯಾಯವಾದರೂ ಇದೆ. ನಾನು ಹೇಳಹೊರಟಿರುವುದು ಪೂರ್ಣ ಹಣ ತೆತ್ತು ಕೊಂಡದ್ದರ ವಿಚಾರ.

ವಿದ್ಯಾನಗರದ ನಮ್ಮ ಮನೆಯಲ್ಲಿ ಬರವಣಿಗೆಗೆಂದು ಇತ್ತೀಚೆಗೆ ಅಂಥದೊಂದು ತಂತ್ರಾಂಶವನ್ನು ತರಿಸಿದೆ. ಹಣ ಸಂದಿತು, ರಸೀದಿ ಬಂತು. ತೆರೆದರೆ ಮೊದಲು ಮಿಂಚಂಚೆಯ ವಿಳಾಸ ಕೇಳಿತು, ಬಳಿಕ ಮೊಬೈಲ್ ಸಂಖ್ಯೆ, ಅದಾದ ಮೇಲೆ ನನ್ನ ಬಳಕೆಯ ವಿವರಗಳನ್ನು ತಯಾರಕರಿಗೆ ಕಳಿಸುತ್ತಿರಲು ಅನುಮತಿ. ಕೆಳಗೆ ‘ಒಪ್ಪಿದ್ದೇನೆ’ ಎಂಬ ಒಂದು ಗುಂಡಿ. ‘ಒಪ್ಪುವುದಿಲ್ಲ’ ಎಂಬುದಕ್ಕೆ ಜಾಗವೇ ಇಲ್ಲ. ಒಪ್ಪದಿದ್ದರೆ ಕಾರ್ಯಕ್ರಮ ತೆರೆಯುವುದಿಲ್ಲ, ಕೊಟ್ಟ ಹಣ ಮರಳುವುದೂ ಇಲ್ಲ. ಗಣಕವನ್ನು ಅಣಿಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. “ಎಲ್ಲಾರೂ ಒತ್ತತಾರ್ರೀ ಸರ್, ನೀವೂ ಒತ್ತಿಬಿಡ್ರಿ” ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ತಯಾರಕರ ಕಡೆಯ ವಾದವನ್ನೂ ಕೇಳಬೇಕಷ್ಟೆ. ದೂರದಲ್ಲಿರುವ ಯಂತ್ರದ ಸ್ಥಿತಿಗತಿಯನ್ನು ಕುಳಿತಲ್ಲಿಯೇ ಅಳೆಯುವ ಈ ವಿದ್ಯೆಗೆ ಟೆಲಿಮೆಟ್ರಿ ಎಂದು ಹೆಸರು. ಕಾರ್ಯಕ್ರಮ ಎಲ್ಲಿ ಮುಗ್ಗರಿಸಿತು, ಯಾವ ಯಂತ್ರದಲ್ಲಿ ನಿಂತುಹೋಯಿತು ಎಂಬ ವರದಿ ಬಾರದೆ ದೋಷವನ್ನು ತಿದ್ದುವುದು ಕಷ್ಟ. ಕಳ್ಳಪ್ರತಿಗಳನ್ನು ತಡೆಯಲು ಕೊಂಡವನ ಗುರುತು ಬೇಕೆಂಬುದೂ ಸರಿಯೇ ಇರಬಹುದು. ಆದರೆ ಇಷ್ಟಕ್ಕೆ ಬೇಕಾದದ್ದೆಷ್ಟು, ಒಯ್ಯುತ್ತಿರುವುದೆಷ್ಟು?

ಇದಕ್ಕೆ ಸ್ಪಷ್ಟವಾದ ಉತ್ತರ ದೊರೆತದ್ದು ನೆದರ್ಲೆಂಡ್ಸ್ ದೇಶದಲ್ಲಿ. ಅಲ್ಲಿನ ಸರಕಾರಿ ಕಚೇರಿಗಳ ಸುಮಾರು 3 ಲಕ್ಷ ಮೇಜುಗಳ ಮೇಲೆ ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ ತಂತ್ರಾಂಶ ಬಳಕೆಯಲ್ಲಿತ್ತು; ಅದಕ್ಕೆ ಸರಕಾರ ಹಣ ಕೊಡುತ್ತಿತ್ತು. ಅದರೊಳಗಿನಿಂದ ಹೊರಗೆ ಹೋಗುತ್ತಿರುವುದೇನು ಎಂದು ನ್ಯಾಯಾಂಗ ಸಚಿವಾಲಯ ಪರಿಣತರಿಂದ ಪರೀಕ್ಷೆ ಮಾಡಿಸಿತು. 2018ರ ನವೆಂಬರಿನಲ್ಲಿ ವರದಿ ಹೊರಬಂದಾಗ ತಿಳಿದದ್ದೆಂದರೆ, ಸುಮಾರು 25,000 ಬಗೆಯ ಘಟನೆಗಳ ದಾಖಲೆ ಕಂಪನಿಗೆ ಹೋಗುತ್ತಿತ್ತು, ಅದನ್ನು ನಿಲ್ಲಿಸುವ ಉಪಾಯ ಬಳಕೆದಾರನ ಕೈಯಲ್ಲಿರಲಿಲ್ಲ.

ಅವುಗಳಲ್ಲಿ ಒಂದು ನನ್ನ ಮನಸ್ಸಿಗೆ ನಾಟಿತು. ಬರೆಯುತ್ತಿರುವವನು ಅಕ್ಷರ ಅಳಿಸುವ ಕೀಲಿಯನ್ನು ಒಂದೇ ಸಮನೆ ಹಲವು ಸಲ ಒತ್ತಿದರೆ ಅದೂ ಒಂದು ಘಟನೆ; ಆತನಿಗೆ ಕಾಗುಣಿತ ಬಾರದಿರಬಹುದೆಂಬುದು ಅದರಿಂದ ಊಹಿಸಬಹುದಾದ ಅರ್ಥ! ಪದವೊಂದರ ಕಾಗುಣಿತವನ್ನೋ ಅನುವಾದವನ್ನೋ ಜಾಲದ ಮೂಲಕ ಕೇಳಿದರೆ ಅದರ ಹಿಂದಿನ, ಮುಂದಿನ ವಾಕ್ಯಗಳೂ ಹೋಗಬಹುದಾಗಿತ್ತು. ಬರೆಯುವ ಹವ್ಯಾಸವುಳ್ಳವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ತುಕಾಟು ಮಾಡಿದ ಹಾಳೆಯನ್ನು ನಾವು ಆಪ್ತರಿಗೂ ತೋರಿಸಲು ಸಂಕೋಚಪಡುತ್ತೇವೆ. ಬರೆದದ್ದಕ್ಕಿಂತ ಅಳಿಸಿದ್ದರಲ್ಲಿ ನಮ್ಮ ಅನುಮಾನ, ಭಯ, ತಡವರಿಕೆ ಹೆಚ್ಚಾಗಿ ಕಾಣುತ್ತವೆ. ಕಾಗದ ಮಾರಿದವನು ಕಸದ ಬುಟ್ಟಿಯ ಬಳಿ ಒಬ್ಬ ಗುಮಾಸ್ತನನ್ನು ಕೂರಿಸಿದರೆ ಹೇಗಿದ್ದೀತು? ಓದುಗನಿಗೂ ಇದೇ ಪಾಡು. ಅಡೋಬಿ ಕಂಪನಿಯ ಇ-ಪುಸ್ತಕ ಓದುವ ತಂತ್ರಾಂಶವು ಯಾರು ಯಾವ ಪುಸ್ತಕದ ಯಾವ ಪುಟದಲ್ಲಿದ್ದಾರೆ ಎಂಬುದನ್ನು ಮರೆಮಾಚದೆ, ನಡುದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ರೂಪದಲ್ಲಿ ರವಾನಿಸುತ್ತಿತ್ತೆಂದು 2014ರ ಅಕ್ಟೋಬರಿನಲ್ಲಿ ಬಯಲಾಗಿತ್ತು.

ಡಚ್ಚರ ಪರೀಕ್ಷೆಯ ಫಲವಾಗಿ ಮೈಕ್ರೋಸಾಫ್ಟ್ 2019ರಲ್ಲಿ ಈ ದಾಖಲೆಗಳನ್ನು ‘ಅಗತ್ಯ’, ‘ಐಚ್ಛಿಕ’ ಎಂದು ವಿಂಗಡಿಸಿ, ಆಯ್ಕೆಯನ್ನು ಕೊಟ್ಟಿತು. ಇಡೀ ಸರಕಾರವೇ ಗಿರಾಕಿಯಾಗಿ ನಿಂತು ಕೇಳಿದಾಗ ಸಿಕ್ಕ ಉತ್ತರವಿದು. ಬಿಡಿಯಾಗಿ ಕೊಳ್ಳುವ ಒಬ್ಬ ಮೇಷ್ಟರಿಗೆ, ಒಬ್ಬ ಬೆರಳಚ್ಚು ಅಂಗಡಿಯವನಿಗೆ ಈ ಬಲವೆಲ್ಲಿಂದ ಬರಬೇಕು? ಕಾನೂನಿನಿಂದಲೇ ಬರಬೇಕು.

ಆ ಕಾನೂನಿನ ಬುನಾದಿಯಲ್ಲಿ ಕನ್ನಡನಾಡಿನ ಹೆಸರೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ವ್ಯಾಜ್ಯದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅವರು 2024ರಲ್ಲಿ ತೀರಿಕೊಂಡರು. ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿಬಂಧನೆಯಿಲ್ಲದ್ದಾಗಿರಬೇಕು, ಹೇಳಿದ ಉದ್ದೇಶಕ್ಕೆ ಎಷ್ಟು ಅಗತ್ಯವೋ ಅಷ್ಟಕ್ಕೇ ಸೀಮಿತವಾಗಿರಬೇಕು ಎನ್ನುತ್ತದೆ ಅದರ 6ನೆಯ ಕಲಮು. ಕಾಯಿದೆಯೇ ಒಂದು ಉದಾಹರಣೆ ಕೊಡುತ್ತದೆ: ದೂರದಿಂದ ವೈದ್ಯರ ಸಲಹೆ ಕೊಡಿಸುವ ತಂತ್ರಾಂಶವೊಂದು ನಮ್ಮ ಮೊಬೈಲಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳಿ, ನಾವು ಎರಡಕ್ಕೂ ಒಪ್ಪಿದರೂ, ಆ ಒಪ್ಪಿಗೆ ವೈದ್ಯಕೀಯ ಸೇವೆಗೆ ಮಾತ್ರ ಸಲ್ಲುತ್ತದೆ, ಪಟ್ಟಿಗೆ ಸಲ್ಲುವುದಿಲ್ಲ. ಗುಂಡಿ ಒತ್ತಿದ ಮಾತ್ರಕ್ಕೆ ಎಲ್ಲವನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ ಎಂದಾಯಿತು.

ಆದರೆ ಅಗತ್ಯವೆಂದರೆ ಯಾವುದು ಎಂಬುದನ್ನು ಮೊದಲು ತೀರ್ಮಾನಿಸುವವರು ತಯಾರಕರೇ. ವ್ಯಾಜ್ಯ ಎದ್ದರೆ ಒಪ್ಪಿಗೆಯನ್ನು ಕಾಯಿದೆಯಂತೆಯೇ ಪಡೆದದ್ದೆಂದು ಸಾಬೀತುಪಡಿಸುವ ಹೊಣೆ ಕಾಯಿದೆಯ ಪ್ರಕಾರ ಅವರದೇ; ಆದರೂ ಮೊದಲು ದೂರು ಕೊಡಬೇಕಾದವನು ಗಿರಾಕಿ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಂದಿನಿಂದ ಹದಿನೆಂಟು ತಿಂಗಳ ಕಾಲಾವಕಾಶ ದೊರೆಯಿತು. ಇತ್ತ ಅಂಗಡಿಗಳ ಮಟ್ಟಿಗೆ, ಬಿಲ್ಲು ಮಾಡಲು ಗಿರಾಕಿಯ ಮೊಬೈಲ್ ಸಂಖ್ಯೆಗಾಗಿ ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚನೆ ಹೊರಡಿಸಿತ್ತು. ಸಂಖ್ಯೆ ಕೊಡದಿದ್ದರೆ ಬಿಲ್ಲಿಲ್ಲ ಎಂದವರ ಮೇಲೆ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ತಂತ್ರಾಂಶ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೇಳುವುದು ಒಳ್ಳೆಯದು: ಖಾತೆ ತೆರೆಯದೆ ಇದು ನಡೆಯುತ್ತದೆಯೆ? ಬಳಕೆಯ ವಿವರ ಕಳಿಸುವುದನ್ನು ನಿಲ್ಲಿಸಲು ಬರುತ್ತದೆಯೆ?