ಕಾಮಿಕ್ಸ್‌ಗಳ ಅತಿಮಾನುಷ ಲೋಕದಲ್ಲಿ ಸ್ತ್ರೀ

ಕಾಮಿಕ್ಸ್ ಎಂದರೆ ಮಕ್ಕಳ ಕಾಲಹರಣದ ವಸ್ತುವೆಂದು ಭಾವಿಸುವವರೇ ಹೆಚ್ಚು. ಆದರೆ ಎಳೆಯ ಮನಸ್ಸಿನಲ್ಲಿ ಶೌರ್ಯದ ಕಲ್ಪನೆ ಮೊದಲು ಮೂಡುವುದು ಅನೇಕ ವೇಳೆ ಇಂತಹ ಪುಸ್ತಕಗಳಿಂದಲೇ. 1964ರಲ್ಲಿ ಮುಂಬಯಿಯಿಂದ ಆರಂಭವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ನಮ್ಮ ತಲೆಮಾರಿನವರಿಗೆ ಸುಪರಿಚಿತ. ನಮ್ಮ ಮನೆಯಲ್ಲಿ ಅವು ಬರುತ್ತಿದ್ದುದು ಅಣ್ಣನಿಗಾಗಿ; ಅವನು ಓದಿ ಮುಗಿಸಿದ ಮೇಲೆ ನನ್ನ ಸರದಿ. ಅಣ್ಣ ಟವೆಲನ್ನು ಮುಖಕ್ಕೆ ಕಟ್ಟಿಕೊಂಡು ಫ್ಯಾಂಟಮ್ ಆಗುತ್ತಿದ್ದ. ನನ್ನ ಪಾಲಿಗೆ ಉಳಿದದ್ದು ಡಯಾನಾ. ಆಕೆ ವಿಶ್ವಸಂಸ್ಥೆಯಲ್ಲಿ ದುಡಿಯುವ ವಿದ್ಯಾವಂತೆ. ಆದರೂ ನಮ್ಮ ಆಟದಲ್ಲಿ ನನ್ನ ಕೆಲಸ ಕಂಬಕ್ಕೆ ಕಟ್ಟಿಸಿಕೊಂಡು ಕಾಯುವುದಷ್ಟೇ ಆಗಿತ್ತು.

ಅಮೆರಿಕದ ಸೂಪರ್‌ಹೀರೋ ಕಥೆಗಳಲ್ಲಿ ಈ ಕೊರತೆಯನ್ನು ತುಂಬಲು ನಡೆದ ಮೊದಲ ಗಣನೀಯ ಪ್ರಯತ್ನ 1941ರಲ್ಲಿ ಕಾಣಿಸಿಕೊಂಡ 'ವಂಡರ್ ವುಮನ್'. ಅವಳ ಕರ್ತೃ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ಸುಳ್ಳು ಪತ್ತೆಯ ಪರೀಕ್ಷೆಗಳನ್ನು ರೂಪಿಸಿದವರಲ್ಲಿ ಒಬ್ಬರು. ಬಲವಿಲ್ಲದ ಸ್ತ್ರೀಪಾತ್ರದಂತೆ ಆಗಲು ಹುಡುಗಿಯರೇ ಇಚ್ಛಿಸುವುದಿಲ್ಲವೆಂಬುದು ಅವರ ವಾದ. ಆದರೆ 1942ರಲ್ಲಿ ಈ ಮಹಾಬಲಶಾಲಿನಿಯನ್ನು ವೀರರ ಸಂಘವೊಂದಕ್ಕೆ ಸೇರಿಸಿಕೊಂಡಾಗ ಆಕೆಗೆ ದೊರೆತ ಹುದ್ದೆ ಕಾರ್ಯದರ್ಶಿಯದು! ಪುರುಷರು ಯುದ್ಧಕ್ಕೆ ಹೊರಟಾಗ ಆಕೆ ಹಿಂದುಳಿದು ಕಚೇರಿ ನೋಡಿಕೊಳ್ಳಬೇಕಿತ್ತು.

1947ರಲ್ಲಿ ಮಾರ್ಸ್ಟನ್ ನಿಧನರಾದ ಬಳಿಕ ಪ್ರಣಯಪ್ರಸಂಗಗಳು ಕಥೆಗಳಲ್ಲಿ ಮೇಲುಗೈ ಪಡೆದವು. 1968ರಲ್ಲಂತೂ ಆಕೆಯ ಶಕ್ತಿಯನ್ನೇ ಕಿತ್ತುಕೊಂಡು, ಉಡುಪಿನ ಅಂಗಡಿಯ ಒಡತಿಯನ್ನಾಗಿ ಮಾಡಲಾಯಿತು. ಇದನ್ನು ಪ್ರತಿಭಟಿಸಿದವರಲ್ಲಿ ಸ್ತ್ರೀವಾದಿ ಚಿಂತಕಿ ಗ್ಲೋರಿಯಾ ಸ್ಟೈನೆಮ್ ಪ್ರಮುಖರು. 1972ರಲ್ಲಿ ಅವರ 'ಮಿಸ್' ಪತ್ರಿಕೆಯ ಮುಖಪುಟದಲ್ಲಿ ವಂಡರ್ ವುಮನ್ ರಾರಾಜಿಸಿದಳು. 1973ರಲ್ಲಿ ಆಕೆಯ ಶಕ್ತಿಗಳೂ ಮರಳಿದವು.

ಸ್ತ್ರೀವಾದಿ ವಿಮರ್ಶೆ ಎತ್ತಿದ ಇನ್ನೊಂದು ಪ್ರಶ್ನೆ ಮತ್ತಷ್ಟು ಗಂಭೀರವಾದುದು. 1994ರ 'ಗ್ರೀನ್ ಲ್ಯಾಂಟರ್ನ್' ಸಂಚಿಕೆಯೊಂದರಲ್ಲಿ ನಾಯಕನ ಗೆಳತಿಯನ್ನು ಖಳನು ಕೊಂದು, ಶವವನ್ನು ರೆಫ್ರಿಜರೇಟರಿನಲ್ಲಿ ತುರುಕುತ್ತಾನೆ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗರು ಹೀಗೆ ಕೊಲೆ, ಅತ್ಯಾಚಾರ, ಅಂಗಹೀನತೆಗೆ ಗುರಿಯಾದ ಸ್ತ್ರೀಪಾತ್ರಗಳ ಪಟ್ಟಿಯನ್ನು ಪ್ರಕಟಿಸಿದರು. ಕಥೆಯಲ್ಲಿ ಪುರುಷರೂ ಸಾಯುವುದಿಲ್ಲವೇ ಎಂದು ಕೇಳಬಹುದು. ಸಾಯುತ್ತಾರೆ, ಆದರೆ ಬಹುಪಾಲು ನಾಯಕರು ಮರಳಿ ಬರುತ್ತಾರೆ. ಸ್ತ್ರೀಯ ನೋವಾದರೋ ನಾಯಕನ ಕ್ರೋಧಕ್ಕೆ ಕೇವಲ ನಿಮಿತ್ತವಾಗಿಬಿಡುತ್ತದೆ. ಅವಳೇನು ಅನುಭವಿಸಿದಳೆಂಬುದನ್ನು ಕಥೆ ಕೇಳುವುದೇ ಇಲ್ಲ. 1988ರಲ್ಲಿ ಜೋಕರನ ಗುಂಡೇಟಿನಿಂದ ನಡೆಯಲಾಗದಂತಾದ ಬ್ಯಾಟ್‌ಗರ್ಲ್ ಬಾರ್ಬರಾ ಗಾರ್ಡನ್ ಇದಕ್ಕೊಂದು ನಿದರ್ಶನ. ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ದಂಪತಿ ಆಕೆಯನ್ನು ಅಲ್ಲಿಗೇ ಬಿಡದೆ, ಗಾಲಿಕುರ್ಚಿಯಲ್ಲಿ ಕುಳಿತು ಗಣಕಯಂತ್ರದ ಬಲದಿಂದ ಹೋರಾಡುವ 'ಒರಾಕಲ್' ಆಗಿ ರೂಪಿಸಿದರು. ಸಿಮೋನ್ ಕೂಡ ಮುಂದೆ ವೃತ್ತಿಪರ ಲೇಖಕಿಯಾಗಿ ವಂಡರ್ ವುಮನ್ ಕಥೆಗಳನ್ನೇ ಬರೆದರು.

ಚಿತ್ರಣದ ಪ್ರಶ್ನೆಯೂ ಇದೆ. ನಾಯಕನ ದೇಹವನ್ನು ಬಲ ತೋರುವಂತೆ ಬರೆದರೆ, ನಾಯಕಿಯ ದೇಹವನ್ನು ನೋಡುವವರ ಕಣ್ಣಿಗಾಗಿ ಬರೆಯಲಾಗುತ್ತದೆ. 2012ರಲ್ಲಿ ಕೆಲವರು 'ಹಾಕ್ಐ' ಎಂಬ ಪುರುಷನಾಯಕನನ್ನು ನಾಯಕಿಯರ ಭಂಗಿಗಳಲ್ಲೇ ಚಿತ್ರಿಸಿ ಈ ತಾರತಮ್ಯವನ್ನು ನಗೆಗೀಡುಮಾಡಿದರು. 2016ರಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಗೌರವ ರಾಯಭಾರಿಯನ್ನಾಗಿ ಆರಿಸಿದಾಗ ಅಲ್ಲಿನ ಸಿಬ್ಬಂದಿಯೇ ಪ್ರತಿಭಟಿಸಿದರು. ಎರಡು ತಿಂಗಳೊಳಗೆ ಆ ಪಾತ್ರ ಕೊನೆಗೊಂಡಿತು. ಶಕ್ತಿಯೊಂದೇ ಸಾಲದು, ಆ ಶಕ್ತಿಯನ್ನು ಹೇಗೆ ತೋರಿಸುತ್ತೇವೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಬರೆಯುವ ಕೈ ಬದಲಾದಂತೆ ಪಾತ್ರಗಳೂ ಬದಲಾಗುತ್ತಿವೆ. 2014ರಲ್ಲಿ ಜಿ. ವಿಲೋ ವಿಲ್ಸನ್ ಬರೆದ 'ಮಿಸ್ ಮಾರ್ವೆಲ್' ಸರಣಿಯ ನಾಯಕಿ ಕಮಲಾ ಖಾನ್, ಪಾಕಿಸ್ತಾನಿ ಮೂಲದ ವಲಸೆ ಕುಟುಂಬದ ಹುಡುಗಿ. ಮನೆಯ ಕಟ್ಟುಪಾಡು, ಹೊರಗಿನ ಜಗತ್ತು ಎರಡರ ನಡುವಿನ ಅವಳ ತೊಳಲಾಟ, ಊರು ಬಿಟ್ಟು ಬಂದು ನೆಲೆಸಿದ ನಮ್ಮ ಮನೆಯ ಮಕ್ಕಳಿಗೂ ಹೊಸದಲ್ಲ. ಅದೇ ವರ್ಷ, 2012ರ ದೆಹಲಿಯ ಅಮಾನುಷ ಘಟನೆಯ ಹಿನ್ನೆಲೆಯಲ್ಲಿ ರಾಮ್ ದೇವಿನೇನಿ ಮತ್ತು ಸಂಗಡಿಗರು 'ಪ್ರಿಯಾಸ್ ಶಕ್ತಿ'ಯನ್ನು ಹೊರತಂದರು. ಅತ್ಯಾಚಾರಕ್ಕೊಳಗಾದ ಪ್ರಿಯಾ ಇಲ್ಲಿ ಯಾರ ಸೇಡಿಗೂ ನೆಪವಾಗುವುದಿಲ್ಲ. ಹುಲಿಯನ್ನೇರಿ ತಾನೇ ಊರಿಗೆ ಮರಳುತ್ತಾಳೆ.

ಆದುದರಿಂದ ಪಾಲಕರು ಇಂತಹ ಪುಸ್ತಕಗಳನ್ನು ನಿಷೇಧಿಸುವುದಕ್ಕಿಂತ ಮಕ್ಕಳೊಡನೆ ಕುಳಿತು ಓದುವುದು ಲೇಸು. ಈ ನಾಯಕಿಗೆ ತನ್ನದೇ ಆದ ಆಸೆ, ಗುರಿಗಳಿವೆಯೇ? ಅವಳ ನೋವು ಯಾರ ಕಥೆಯನ್ನು ಮುಂದೆ ನಡೆಸುತ್ತಿದೆ? ಗಂಡನ್ನೂ ಹೀಗೆಯೇ ಚಿತ್ರಿಸುತ್ತಿದ್ದರೇ? ಈ ಪ್ರಶ್ನೆಗಳನ್ನು ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ ಕೇಳಬೇಕು. ಕಳೆದ ಬೇಸಿಗೆಯಲ್ಲಿ ಅಣ್ಣನ ಮೊಮ್ಮಗಳಿಗೆ ಕಮಲಾ ಖಾನಳ ಪುಸ್ತಕವೊಂದನ್ನು ಕೊಟ್ಟೆ. ಈ ಬಾರಿ ಅವಳೇ ಮೊದಲು ಓದಿ, ಆಮೇಲೆ ತಮ್ಮನಿಗೆ ಕೊಟ್ಟಳು.