ಭೀಮಸೇನರ ‘ಅಕ್ಕ’ ಗಂಗೂಬಾಯಿ: ತುಂಬು ಬಾಳಿನ ನೆನಪು

ಪುಣೆ: ಡಿಸೆಂಬರ್ ಬಂತೆಂದರೆ ನಗರದಲ್ಲಿ ಸವಾಯಿ ಗಂಧರ್ವ ಉತ್ಸವದ ಸಡಗರ. ಆ ವೇದಿಕೆಯಲ್ಲಿ ಹಲವು ಬಾರಿ ಹಾಡಿದ ಗಂಗೂಬಾಯಿ ಹಾನಗಲ್ ಪುಣೆ ಕನ್ನಡಿಗರಿಗೂ ಮನೆಯ ಹಿರಿಯ ಜೀವವಿದ್ದಂತೆ.

ಧಾರವಾಡದಲ್ಲಿ 1913ರ ಮಾರ್ಚ್ 5ರಂದು ಜನಿಸಿದ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು.

ಸವಾಯಿ ಗಂಧರ್ವರ ಪಾಠಕ್ಕೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ನಿಲ್ದಾಣದವರೆಗೆ ಕಳುಹಿಸಿ ಬರುತ್ತಿದ್ದವರು ಅದೇ ಗುರುಗಳ ಕಿರಿಯ ಶಿಷ್ಯ ಭೀಮಸೇನ ಜೋಶಿ. ಗುರುಗಳು 1952ರಲ್ಲಿ ಪುಣೆಯಲ್ಲಿ ನಿಧನರಾದರು. ಮರುವರ್ಷವೇ ಅವರ ಸ್ಮರಣೆಗೆ ಇಲ್ಲಿ ಉತ್ಸವ ಆರಂಭಿಸಿದ ಭೀಮಸೇನರಿಗೆ ಗಂಗೂಬಾಯಿ ಎಂದಿಗೂ ‘ಅಕ್ಕ’ನೇ.

ಹಾಡಿ ಗಳಿಸಿದ್ದರಲ್ಲೇ ಗಂಗೂಬಾಯಿ ಸಂಸಾರ ಸಾಗಿಸಿದರು, ಮೂವರು ಮಕ್ಕಳನ್ನು ಬೆಳೆಸಿದರು. ಮಗಳು ಕೃಷ್ಣಾ ಕಛೇರಿಗಳಲ್ಲಿ ತಾಯಿಯ ಜೊತೆಗೆ ಕುಳಿತು ದನಿಗೂಡಿಸುತ್ತಿದ್ದರು. ಅಮ್ಮನ ದನಿ ದಣಿದಲ್ಲಿ ಮಗಳ ದನಿ ಆಸರೆಯಾಗುತ್ತಿತ್ತು.

ಪದ್ಮವಿಭೂಷಣ 2002ರಲ್ಲಿ ಬಂತು. ಎರಡೇ ವರ್ಷದಲ್ಲಿ, 2004ರಲ್ಲಿ, ಕೃಷ್ಣಾ ತೀರಿಕೊಂಡರು. ತೊಂಬತ್ತು ದಾಟಿದ ತಾಯಿಗೆ ಅದು ತುಂಬಲಾರದ ನಷ್ಟ. ಆದರೂ 2006ರಲ್ಲಿ ಅವರು ತಮ್ಮ ಕೊನೆಯ ಕಛೇರಿ ನೀಡಿದರು.

ಹುಬ್ಬಳ್ಳಿಯಲ್ಲಿ 2009ರ ಜುಲೈ 21ರಂದು ಗಂಗೂಬಾಯಿ ಕೊನೆಯುಸಿರೆಳೆದಾಗ ಅವರಿಗೆ 96 ವರ್ಷ. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಭೀಮಸೇನರೂ 2011ರಲ್ಲಿ ಅಗಲಿದರು. ಗುರುವಿನ ಹೆಸರಿನ ಜೊತೆಗೆ ಈಗ ಅವರ ಹೆಸರನ್ನೂ ಹೊತ್ತ ಉತ್ಸವ ಪುಣೆಯಲ್ಲಿ ನಡೆದುಬಂದಿದೆ. ಅಲ್ಲಿ ತಂಬೂರಿ ಮಿಡಿದಾಗಲೆಲ್ಲ ಕುಂದಗೋಳದ ಆ ಅಕ್ಕ-ತಮ್ಮಂದಿರ ನೆನಪು ಮರುಕಳಿಸದೆ ಇರದು.